ಬುಧವಾರ ಸಂಜೆ ಐದೂವರೆಗೆ: ಕನ್ನಡದಲ್ಲಿ ಚರ್ಚಾ ಕೂಟ ಕಟ್ಟಿದ ನನ್ನ ಅನುಭವ

ಪ್ರತಿ ಬುಧವಾರ ಸಂಜೆ ಐದೂವರೆಗೆ ಮೈಸೂರು ವಿಶ್ವವಿದ್ಯಾಲಯದ ಆವರಣವಾದ ಮಾನಸಗಂಗೋತ್ರಿಯ ಒಂದು ತರಗತಿ ಕೋಣೆಯಲ್ಲಿ ನಾವು ಸೇರುತ್ತೇವೆ. ಬೋರ್ಡಿನ ಮೇಲೆ ಒಂದು ಸಾಲು ಬರೆಯುತ್ತೇನೆ. ಅವತ್ತಿನ ವಿಷಯ ಏನು ಅಂತ ಅಲ್ಲಿಯವರೆಗೆ ಯಾರಿಗೂ ಗೊತ್ತಿರುವುದಿಲ್ಲ. ನಾಣ್ಯ ಚಿಮ್ಮುತ್ತೇವೆ. ಮೂವರು ಪರ, ಮೂವರು ವಿರೋಧ. ಫೋನುಗಳನ್ನು ಮೇಜಿನ ಮೇಲೆ ಬೋರಲು ಹಾಕಿ ಅರ್ಧ ಗಂಟೆ ತಯಾರಿ. ಆರು ಗಂಟೆಗೆ ಚರ್ಚೆ ಶುರು. ನಾಲ್ಕು ವರ್ಷದಿಂದ ಪರೀಕ್ಷೆ ದಿನ, ರಜಾ ದಿನ ಬಿಟ್ಟು ನಾವು ಸೇರುವುದು ತಪ್ಪಿಲ್ಲ.

ಈ ವರ್ಷ ಹೊಸಬರು ಜಾಸ್ತಿ ಬರುತ್ತಿದ್ದಾರೆ. ಬೇರೆ ಊರಿನ ಕಾಲೇಜುಗಳಿಂದಲೂ 'ನಾವೂ ಶುರು ಮಾಡಬೇಕು, ಹೇಗೆ?' ಅಂತ ಕೇಳುತ್ತಿದ್ದಾರೆ. ನಾವು ಮಾಡಿದ್ದನ್ನು ಮಾಡಿದ ಹಾಗೆಯೇ ಹೇಳುತ್ತೇನೆ. ಕೊನೆಯಲ್ಲಿ ಮುಂದಿನ ತಿಂಗಳುಗಳ ಕಾರ್ಯಕ್ರಮವೂ ಇದೆ.

ನಮ್ಮಲ್ಲಿ ಬಹುತೇಕರು ಶಾಲೆಯಲ್ಲಿ ಕಂಡ ಚರ್ಚಾ ಸ್ಪರ್ಧೆ ಹೇಗಿತ್ತು? ವಿಷಯ ಹದಿನೈದು ದಿನ ಮೊದಲೇ ಗೊತ್ತಿರುತ್ತಿತ್ತು. ಮೇಷ್ಟ್ರು ಬರೆದುಕೊಡುತ್ತಿದ್ದರು. ನಾವು ಬಾಯಿಪಾಠ ಮಾಡಿ ಕೈ ಬೀಸಿ ಒಪ್ಪಿಸುತ್ತಿದ್ದೆವು. ನಡುವೆ ಒಂದು ವಚನ, ಕೊನೆಗೊಂದು ಗಾದೆ. ಪರ ಮಾತಾಡಿದವರು ಏನು ಹೇಳಿದರು ಅನ್ನುವುದು ವಿರೋಧ ಮಾತಾಡುವವರಿಗೆ ಬೇಕೇ ಇರಲಿಲ್ಲ. ಅವರು ಹೊರಗೆ ಜಗಲಿಯಲ್ಲಿ ನಿಂತು ತಮ್ಮ ಚೀಟಿ ಓದಿಕೊಳ್ಳುತ್ತಿದ್ದರು. ಇದರಿಂದ ನನಗೂ ಲಾಭ ಆಗಿದೆ, ಸುಳ್ಳು ಹೇಳುವುದಿಲ್ಲ. ವೇದಿಕೆ ಭಯ ಹೋಗಿದ್ದು ಅಲ್ಲಿಯೇ. ಆದರೆ ಅದರಲ್ಲಿ ಭಾಷಣ ಇತ್ತು, ಚರ್ಚೆ ಇರಲಿಲ್ಲ.

ಎಂ.ಎ. ಓದುವಾಗ ಬೆಂಗಳೂರಿನಲ್ಲಿ ಒಂದು ಇಂಗ್ಲಿಷ್ ಟೂರ್ನಿ ನೋಡಲು ಹೋಗಿದ್ದೆ. ಸಂಸತ್ತಿನ ಮಾದರಿಯ ಚರ್ಚೆಯನ್ನು ಮೊದಲು ಕಂಡಿದ್ದು ಅಲ್ಲಿ. ಒಬ್ಬಳು ಎದ್ದು ನಿಂತು, ಎದುರಿನವರು ಎರಡು ನಿಮಿಷದ ಹಿಂದೆ ಹೇಳಿದ ಮಾತನ್ನು ಎತ್ತಿಕೊಂಡು, ಅದರ ಬುಡಕ್ಕೇ ಕೈ ಹಾಕಿದಳು. ವಾಪಸ್ ಬರುವಾಗ ರೈಲಿನಲ್ಲಿ ತಲೆಯಲ್ಲಿ ಒಂದೇ ಯೋಚನೆ. ಇದನ್ನು ಕನ್ನಡದಲ್ಲಿ ಯಾಕೆ ಮಾಡಬಾರದು?

ಮೊದಲ ಸಂಜೆ ಬಂದವರು ಒಂಬತ್ತು ಜನ. 'ದಸರಾ ಹತ್ತು ದಿನ ಅರಮನೆಯ ಸುತ್ತ ಕಾರು ಬಿಡಬಾರದು' ಅಂತ ವಿಷಯ ಕೊಟ್ಟೆ. ಪರದ ಎರಡನೇ ಮಾತುಗಾರ ಶಾಲೆ ಕಾಲದಿಂದ ಫಲಕ ಗೆದ್ದುಕೊಂಡು ಬಂದ ಹುಡುಗ. ಒಳ್ಳೆಯ ಕಂಠ, ಸ್ಪಷ್ಟ ಉಚ್ಚಾರ. ಅವನಿಗಿಂತ ಮೊದಲು ವಿರೋಧದ ಹುಡುಗಿ ಮೂರು ಪ್ರಶ್ನೆ ಕೇಳಿದ್ದಳು. ದೇವರಾಜ ಮಾರುಕಟ್ಟೆಗೆ ಸರಕು ಹೇಗೆ ಬರುತ್ತದೆ? ನಡೆಯಲಾಗದ ಅಜ್ಜಿ ಜಂಬೂ ಸವಾರಿ ನೋಡಲು ಹೇಗೆ ಬರಬೇಕು? ಕಾರು ನಿಲ್ಲಿಸುವ ಜಾಗ ಎಲ್ಲಿ? ಇವನು ಎದ್ದು ಹೊಗೆ, ಶಬ್ದ, ಪರಿಸರ ಅಂತ ನಾಲ್ಕು ನಿಮಿಷ ಸೊಗಸಾಗಿ ಮಾತಾಡಿದ. ಅಜ್ಜಿಯ ಸುದ್ದಿಯೇ ಇಲ್ಲ. ಸೋತ. 'ನಾನು ಚೆನ್ನಾಗಿ ಮಾತಾಡಲಿಲ್ವಾ?' ಅಂತ ಕೇಳಿದ. ಅವನ ಮುಖದಲ್ಲಿ ನಿಜವಾದ ನೋವಿತ್ತು. 'ಚೆನ್ನಾಗಿ ಮಾತಾಡಿದೆ. ಅವಳು ಕೇಳಿದ್ದಕ್ಕೆ ಉತ್ತರ ಬರಲಿಲ್ಲ' ಅಂದೆ. ಮುಂದಿನ ವಾರವೂ ಅವನು ಬಂದ. ನಮ್ಮ ಕೂಟ ಉಳಿದಿದ್ದು ಅವನು ಅವತ್ತು ಬಂದಿದ್ದರಿಂದ ಅಂತ ನಾನು ಈಗಲೂ ನಂಬಿದ್ದೇನೆ.

ಆಮೇಲೆ ಒಂದು ತಿಂಗಳು ಚರ್ಚೆಯನ್ನೇ ನಿಲ್ಲಿಸಿದೆವು. ಬರೀ ಕೇಳುವ ಅಭ್ಯಾಸ. ಒಬ್ಬರು ಮೂರು ನಿಮಿಷ ಮಾತಾಡಬೇಕು. ಇನ್ನೊಬ್ಬರು ಅದನ್ನು ಎರಡೇ ವಾಕ್ಯದಲ್ಲಿ ತಿರುಗಿ ಹೇಳಬೇಕು. ಮೊದಲಿನವರು 'ಹೌದು, ನಾನು ಹೇಳಿದ್ದು ಅದೇ' ಅಂದರೆ ಮಾತ್ರ ಮುಂದಕ್ಕೆ. ಸುಲಭ ಅನ್ನಿಸುತ್ತದೆ, ಅಲ್ವಾ? ಮೊದಲ ವಾರ ಒಬ್ಬರಿಗೂ ಆಗಲಿಲ್ಲ. ಎದುರಿನವರ ಮಾತನ್ನು ನಾವು ನಮಗೆ ಬೇಕಾದ ಹಾಗೆ ಸೊಟ್ಟ ಮಾಡಿಯೇ ಕೇಳಿಸಿಕೊಳ್ಳುತ್ತೇವೆ.

ಟಿಪ್ಪಣಿ ಬರೆದುಕೊಳ್ಳುವುದೂ ಹಾಗೆಯೇ, ಕೈಗೆ ಕೂರಬೇಕಾದ ಕೆಲಸ. ಎ4 ಹಾಳೆಯನ್ನು ಅಡ್ಡ ಇಟ್ಟು ಆರು ಉದ್ದ ಪಟ್ಟಿ ಬರುವ ಹಾಗೆ ಮಡಚಿ. ಒಬ್ಬೊಬ್ಬ ಮಾತುಗಾರರಿಗೆ ಒಂದು ಪಟ್ಟಿ. ಅವರ ವಾದ ನೀಲಿ ಪೆನ್ನಿನಲ್ಲಿ, ನಮ್ಮ ಉತ್ತರ ಅದರ ಪಕ್ಕದಲ್ಲೇ ಕೆಂಪು ಪೆನ್ನಿನಲ್ಲಿ. ವಾಕ್ಯ ಬರೆಯಬೇಡಿ, ಎರಡು ಪದ ಸಾಕು. 'ಅಜ್ಜಿ, ನಡಿಗೆ' ಅಂತಿದ್ದರೆ ಎಲ್ಲ ನೆನಪಾಗುತ್ತದೆ. ಎದ್ದು ನಿಲ್ಲುವ ಮೊದಲು ಹಾಳೆಯನ್ನೊಮ್ಮೆ ನೋಡಿ. ನೀಲಿಯ ಪಕ್ಕ ಕೆಂಪು ಇಲ್ಲದ ಜಾಗವೇ ನೀವು ಸೋಲುವ ಜಾಗ.

ನಾವು ಹಿಡಿದಿದ್ದು ಏಷ್ಯನ್ ಪಾರ್ಲಿಮೆಂಟರಿ ಅನ್ನುವ ಮಾದರಿ. ಒಬ್ಬೊಬ್ಬರಿಗೆ 7 ನಿಮಿಷ. 1ನೇ ನಿಮಿಷಕ್ಕೊಮ್ಮೆ, 6ನೇ ನಿಮಿಷಕ್ಕೊಮ್ಮೆ ಡೆಸ್ಕ್ ತಟ್ಟುತ್ತೇವೆ. ಆ ನಡುವೆ ಎದುರಿನವರು ಎದ್ದು ಪ್ರಶ್ನೆ ಹಾಕಬಹುದು. ತೆಗೆದುಕೊಳ್ಳುವುದು ಬಿಡುವುದು ಮಾತಾಡುವವರ ಇಷ್ಟ. ಕೊನೆಗೆ ಎರಡೂ ಕಡೆಯಿಂದ 4 ನಿಮಿಷದ ಒಂದೊಂದು ಮರುಮಾತು. ಅದರಲ್ಲಿ ಹೊಸ ವಾದ ತರುವಂತಿಲ್ಲ. ತಂಡದಲ್ಲಿ ಮೂವರು ಇರುವುದು ಹೊಸಬರಿಗೆ ಧೈರ್ಯ ಕೊಡುತ್ತದೆ. ಅದಕ್ಕೇ ಇದನ್ನು ಆರಿಸಿದೆವು.

ಪದಗಳದ್ದು ದೊಡ್ಡ ತಲೆನೋವಾಯಿತು. ಮೋಷನ್, ವಿಪ್, ಪಾಯಿಂಟ್ ಆಫ್ ಆರ್ಡರ್ ಅಂತ ಇಂಗ್ಲಿಷಿನಲ್ಲೇ ಹೇಳುತ್ತಿದ್ದೆವು. ಒಂದು ದಿನ ರಾಜ್ಯಶಾಸ್ತ್ರದ ಗೆಳೆಯನೊಬ್ಬ ನಮ್ಮ ವಿಧಾನಸಭೆಯ ನಡವಳಿಗಳ ಒಂದು ಸಂಪುಟ ಹಿಡಿದುಕೊಂಡು ಬಂದ. ನೋಡಿದರೆ ಎಲ್ಲ ಅಲ್ಲೇ ಇತ್ತು! ಚರ್ಚೆಗೆ ಇಡುವ ಸಾಲು, ಅಂದರೆ ಮೋಷನ್‌ಗೆ ಗೊತ್ತುವಳಿ, ವಿಪ್‌ಗೆ ಸಚೇತಕ, ನಿಯಮ ತಪ್ಪಿದಾಗ ಎತ್ತುವ ಪಾಯಿಂಟ್ ಆಫ್ ಆರ್ಡರ್‌ಗೆ ಕ್ರಿಯಾಲೋಪ. ನಿಲುವಳಿ ಸೂಚನೆ, ಸಭಾಧ್ಯಕ್ಷ ಅನ್ನುವ ಪದಗಳೂ ಇದ್ದವು. ನಮ್ಮ ಶಾಸಕರು ದಶಕಗಳಿಂದ ಬಳಸುತ್ತಿರುವ ಪದಗಳು. ಮಧ್ಯೆ ಎದ್ದು ಕೇಳುವ ಪ್ರಶ್ನೆಗೆ ಮಾತ್ರ ನಾವೇ 'ನಡುಪ್ರಶ್ನೆ' ಅಂತ ಹೆಸರಿಟ್ಟುಕೊಂಡೆವು. ಈಗ ಹೊಸಬರ ಬಾಯಲ್ಲಿ ಅದು ಯಾವಾಗಲೂ ಇದ್ದ ಪದದ ಹಾಗೆ ಬರುತ್ತದೆ.

ಆ ಸಂಪುಟ ಇನ್ನೊಂದು ಬಾಗಿಲನ್ನೂ ತೆರೆಯಿತು. ಸದನದ ಹಳೆಯ ಮಾತುಗಳನ್ನು ಜೋರಾಗಿ ಓದುವ ಸಂಜೆಗಳನ್ನು ಶುರು ಮಾಡಿದೆವು. 1952ರಲ್ಲಿ ಶಾಸನಸಭೆಗೆ ಬಂದ ಶಾಂತವೇರಿ ಗೋಪಾಲಗೌಡರು ಈ ರಾಜ್ಯಕ್ಕೆ ಕರ್ನಾಟಕ ಅಂತಲೇ ಹೆಸರಿರಬೇಕು ಎಂದು ವಾದಿಸಿದವರು. ಆ ಹೆಸರು ಬಂದಿದ್ದು 1973ರ ನವೆಂಬರ್ 1ರಂದು, ಅವರು ತೀರಿಕೊಂಡ ಮರು ವರ್ಷ. ಇನ್ನೂ ಹಿಂದಕ್ಕೆ ಹೋದರೆ, ಇದೇ ಮೈಸೂರಿನಲ್ಲಿ 1881ರ ದಸರೆಯ ಹೊತ್ತಿಗೆ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆ ಸೇರಿತು. 144 ಸದಸ್ಯರು. ಅವರು ಅಹವಾಲು ಹೇಳಿಕೊಳ್ಳಬಹುದಿತ್ತು, ತೀರ್ಮಾನ ಮಾತ್ರ ಸರ್ಕಾರದ್ದೇ. ಹೇಳಿಕೊಳ್ಳುವುದರಿಂದ ಉತ್ತರ ಕೇಳುವುದರ ತನಕ ಬರಲು ಎಷ್ಟು ವರ್ಷ ಹಿಡಿಯಿತು ಅಂತ ಹುಡುಗರಿಗೆ ತೋರಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಗೊತ್ತಿಲ್ಲ.

ನಮ್ಮ ಕೋಣೆಯಲ್ಲಿ ನಡೆದ ಚರ್ಚೆಗಳಲ್ಲಿ ನನ್ನ ಮನಸ್ಸಿನಲ್ಲಿ ಕೂತಿರುವುದು ಶಕ್ತಿ ಯೋಜನೆಯದು. 2023ರ ಜೂನ್ 11ರಂದು ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಶುರುವಾಯಿತಲ್ಲ, ಅದರ ಮೇಲೆ. ಗೊತ್ತುವಳಿ ಹೀಗಿತ್ತು: 'ಉಚಿತ ಟಿಕೆಟ್ಟಿನ ಬದಲು ಅದೇ ಹಣದಲ್ಲಿ ಹಳ್ಳಿಗಳಿಗೆ ಹೆಚ್ಚು ಬಸ್ ಬಿಡಬೇಕು.'

ಪರದವರು ಗಟ್ಟಿಯಾಗಿ ಶುರು ಮಾಡಿದರು. 'ಟಿಕೆಟ್ ಉಚಿತ, ಸರಿ. ನಮ್ಮೂರಿಗೆ ಬಸ್ಸೇ ದಿನಕ್ಕೆ ಎರಡು.' ವಿರೋಧದ ಎರಡನೆಯವಳು ಚಾಮರಾಜನಗರದ ಕಡೆಯ ಹುಡುಗಿ. ಅದು ಅವಳ ಮೂರನೇ ಚರ್ಚೆ. ನಿಧಾನವಾಗಿ ಹೇಳಿದಳು. 'ನಮ್ಮಮ್ಮ ತವರಿಗೆ ಹೋಗಬೇಕು ಅಂದ್ರೆ ಅಪ್ಪನ ಹತ್ರ ದುಡ್ಡು ಕೇಳಬೇಕಿತ್ತು. ಈಗ ಕೇಳಿ ಹೋಗಲ್ಲ. ಹೇಳಿ ಹೋಗ್ತಾಳೆ.'

ಕೋಣೆ ಒಂದು ಕ್ಷಣ ಸುಮ್ಮನಾಯಿತು. ಎದುರಿನಿಂದ ನಡುಪ್ರಶ್ನೆ ಬಂತು: 'ಬಸ್ಸೇ ಇಲ್ಲದಿದ್ರೆ ಹೇಳಿ ಹೇಗೆ ಹೋಗ್ತಾರೆ?' ಅವಳು ತಡಮಾಡಲಿಲ್ಲ. 'ಮೊದಲೂ ಎರಡು ಬಸ್ ಇತ್ತು. ಆಗ ಅಮ್ಮ ಹತ್ತುತ್ತಿರಲಿಲ್ಲ. ಮನೆಯ ದುಡ್ಡು ಯಾರ ಜೇಬಲ್ಲಿದೆ ಅನ್ನೋದು ಮುಖ್ಯ. ಬಸ್ ನಾಲ್ಕಾದರೂ ಆ ಜೇಬು ಅದೇ.' ಒಬ್ಬ ಅಮ್ಮನ ಕಥೆ ವಾದವಾಗಿದ್ದು ಆ ಕೊನೆಯ ಎರಡು ಮಾತಿನಲ್ಲಿ. ಕಥೆ ಹೇಳಿ ಕೂತುಬಿಟ್ಟಿದ್ದರೆ 'ಅದು ನಿಮ್ಮ ಮನೆ, ಎಲ್ಲರ ಮನೆ ಹಾಗಿರುತ್ತಾ?' ಅಂತ ಎದುರಿನವರು ತಳ್ಳಿಹಾಕಬಹುದಿತ್ತು. ಹೊಸಬರಿಗೆ ನಾನು ಇದನ್ನೇ ತೋರಿಸುತ್ತೇನೆ. ಅನುಭವ ತನ್ನಿ, ಅದು ಯಾಕೆ ಹಾಗೆ ಆಗುತ್ತದೆ ಅಂತಲೂ ಹೇಳಿ.

ಪರದ ಮೂರನೆಯವನು ಬಿಡಲಿಲ್ಲ. ಸಂಜೆ ಆರರ ಮೇಲೆ ಊರಿಗೆ ಬಸ್ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಗಾರ್ಮೆಂಟ್ಸ್ ಕೆಲಸ ಬಿಟ್ಟ ಹೆಣ್ಣುಮಕ್ಕಳ ಮಾತು ತಂದ. ತವರಿಗೆ ಹೋಗುವುದು ಆಗೊಮ್ಮೆ ಈಗೊಮ್ಮೆ, ಕೆಲಸಕ್ಕೆ ಹೋಗುವುದು ದಿನಾ, ಯಾವುದು ದೊಡ್ಡದು ಅಂತ ತೂಗಿದ. ಮೂವರು ತೀರ್ಪುಗಾರರಲ್ಲಿ ಇಬ್ಬರು ವಿರೋಧಕ್ಕೆ ಕೊಟ್ಟರು. ನಾನು ಪರಕ್ಕೆ ಕೊಟ್ಟಿದ್ದೆ. ಎಂಟು ಗಂಟೆಗೆ ಕಾವಲುಗಾರರು ಬಂದು ಬೀಗ ಹಾಕಬೇಕು ಅಂದರು. ಕುಕ್ಕರಹಳ್ಳಿ ಕೆರೆಯ ಪಕ್ಕದ ರಸ್ತೆಯಲ್ಲಿ ನಡೆದುಕೊಂಡು ಹೋಗುವಾಗಲೂ ವಾದ ನಿಂತಿರಲಿಲ್ಲ.

ಒಂದು ಕಹಿಯನ್ನೂ ಹೇಳಲೇಬೇಕು. ಎರಡನೇ ವರ್ಷ ಬೇರೆ ಊರಿನ ಒಂದು ಕಾಲೇಜಿನ ಸ್ಪರ್ಧೆಗೆ ಹೋಗಿದ್ದೆವು. ನಮ್ಮ ತಂಡದಲ್ಲಿ ಕಲಬುರಗಿಯ ಹುಡುಗಿ ಇದ್ದಳು. ಅವತ್ತು ಅವಳಷ್ಟು ಚೆನ್ನಾಗಿ ಎದುರಿನವರ ವಾದ ಬಿಡಿಸಿದವರು ಇನ್ನೊಬ್ಬರಿಲ್ಲ. ತೀರ್ಪುಗಾರರೊಬ್ಬರು ವೇದಿಕೆ ಮೇಲೆಯೇ 'ವಿಚಾರ ಚೆನ್ನಾಗಿದೆ, ಭಾಷೆ ಶುದ್ಧ ಇರಬೇಕಿತ್ತು' ಅಂದರು. ಅಂಕ ಕಡಿಮೆ ಬಿತ್ತು. ಅವಳು ಬಸ್ಸಿನಲ್ಲಿ ಮೈಸೂರಿನ ತನಕ ಒಂದು ಮಾತೂ ಆಡಲಿಲ್ಲ. ನನಗೆ ಇವತ್ತಿಗೂ ಆ ಸಿಟ್ಟು ಹೋಗಿಲ್ಲ. ಅಮ್ಮನ ಬಾಯಿಂದ ಕಲಿತ ಕನ್ನಡ ಅಶುದ್ಧ ಹೇಗಾಗುತ್ತದೆ? ಮರುದಿನವೇ ನಮ್ಮ ನಿಯಮದ ಹಾಳೆಯಲ್ಲಿ ಒಂದು ಸಾಲು ಸೇರಿಸಿದೆವು: ಕಲಬುರಗಿ, ಧಾರವಾಡ, ಕುಂದಾಪುರ, ಕೊಳ್ಳೇಗಾಲ, ಯಾವ ಕನ್ನಡಕ್ಕೂ ಅಂಕ ಕಳೆಯುವಂತಿಲ್ಲ. ಇಂಗ್ಲಿಷ್ ಪದ ಬಂದರೂ ಕಳೆಯುವಂತಿಲ್ಲ. ಕೇಳುವವರಿಗೆ ಅರ್ಥವಾಯಿತಾ, ಅಷ್ಟೇ ಲೆಕ್ಕ. ಆ ಹುಡುಗಿ ಈಗ ನಮ್ಮ ತೀರ್ಪುಗಾರರ ತಂಡದ ಮುಖ್ಯಸ್ಥೆ.

ತೀರ್ಪಿನ ವಿಷಯ ಬಂದಿದ್ದರಿಂದ ಹೇಳುತ್ತೇನೆ. ಕೂಟ ಕಟ್ಟುವವರು ಮಾತುಗಾರರಿಗಿಂತ ಮೊದಲು ತೀರ್ಪುಗಾರರನ್ನು ತಯಾರು ಮಾಡಿ. ನಮ್ಮಲ್ಲಿ ತೀರ್ಪುಗಾರರು ಚೀಟಿಯಲ್ಲಿ ಅಂಕ ಬರೆದು ಹೋಗುವಂತಿಲ್ಲ. ಎದ್ದು ನಿಂತು, ಯಾರು ಯಾವ ವಾದದಲ್ಲಿ ಗೆದ್ದರು, ಯಾಕೆ, ಅಂತ ಎಲ್ಲರ ಮುಂದೆ ಹೇಳಬೇಕು. ಸೋತವರು ಪ್ರಶ್ನೆ ಕೇಳಬಹುದು. ಕಾರಣ ಗೊತ್ತಾದ ಸೋಲು ನುಂಗುವುದು ಸುಲಭ. ಅವರು ಮುಂದಿನ ವಾರ ಬರುತ್ತಾರೆ.

ಈಗ ಸುದ್ದಿ. ಕಳೆದ ಚಳಿಗಾಲದಲ್ಲಿ ನಮ್ಮ ಎರಡು ತಂಡ ಮೊದಲ ಸಲ ಇಂಗ್ಲಿಷ್ ಟೂರ್ನಿಗೆ ಹೋದವು. ಅಲ್ಲಿ ಬ್ರಿಟಿಷ್ ಪಾರ್ಲಿಮೆಂಟರಿ ಮಾದರಿ. 1981ರಲ್ಲಿ ಗ್ಲಾಸ್ಗೋದಲ್ಲಿ ಶುರುವಾದ ವಿಶ್ವ ವಿಶ್ವವಿದ್ಯಾಲಯಗಳ ಚರ್ಚಾ ಚಾಂಪಿಯನ್‌ಷಿಪ್ ಈಗ ನಡೆಯುವುದೂ ಇದೇ ಮಾದರಿಯಲ್ಲಿ. ಇಬ್ಬಿಬ್ಬರ ನಾಲ್ಕು ತಂಡ ಒಂದೇ ಕೋಣೆಯಲ್ಲಿ. ತಯಾರಿಗೆ ಬರೀ 15 ನಿಮಿಷ. ಮೊದಲನೆಯವರಿಗೆ 3 ಅಂಕ, ಆಮೇಲೆ 2, 1, ಕೊನೆಯವರಿಗೆ ಸೊನ್ನೆ. ಐದು ಸುತ್ತಿನಲ್ಲಿ ನಮ್ಮ ಒಂದು ತಂಡಕ್ಕೆ 8, ಇನ್ನೊಂದಕ್ಕೆ 6 ಬಂತು. ನಾಕೌಟ್ ಸುತ್ತಿಗೆ ಹೋಗಲಿಲ್ಲ. ಆದರೆ ಕನ್ನಡ ಮಾಧ್ಯಮದಲ್ಲಿ ಓದಿದ ನಾಲ್ವರೂ ಕೇಳಿ ಉತ್ತರಿಸುವುದರಲ್ಲಿ ಯಾರಿಗೂ ಕಡಿಮೆ ಇರಲಿಲ್ಲ. ಇಂಗ್ಲಿಷ್ ತಡವರಿಸಿತು, ವಾದ ತಡವರಿಸಲಿಲ್ಲ. ಈ ಸಲ ಮತ್ತೆ ಹೋಗುತ್ತಿದ್ದೇವೆ.

ಆಗಸ್ಟ್‌ನ ಮೊದಲ ಬುಧವಾರ ಹೊಸಬರ ಸಂಜೆ. ಯಾವ ವಿಭಾಗದವರೂ ಬರಬಹುದು, ವಿಜ್ಞಾನದವರು ಬಂದರೆ ಇನ್ನೂ ಸಂತೋಷ. ಆ ತಿಂಗಳಿಡೀ ಮೊದಲು ಹೇಳಿದ ಕೇಳುವ ಅಭ್ಯಾಸವೇ. ಸೆಪ್ಟೆಂಬರ್‌ನಲ್ಲಿ ಸಾರ್ವಜನಿಕ ಚರ್ಚೆ ಇದೆ. ವಿಷಯ: 'ವಿದ್ಯಾರ್ಥಿ ಸಂಘಗಳ ಚುನಾವಣೆ ಕಾಲೇಜುಗಳಿಗೆ ಮರಳಿ ಬರಬೇಕು.' ಅಪ್ಪ ಅಮ್ಮಂದಿರ ಕಾಲದಲ್ಲಿ ಇದ್ದಿದ್ದನ್ನು ನಮ್ಮ ಹುಡುಗರು ಕಣ್ಣಿಂದ ನೋಡಿಲ್ಲ. ಹಾಗಾಗಿ ಆಗ ಚುನಾವಣೆಗೆ ನಿಂತಿದ್ದ ಹಿರಿಯರನ್ನೂ ಕರೆಯುತ್ತಿದ್ದೇವೆ. ಕೇಳಲು ಬಂದವರಿಗೂ ಮತ ಇದೆ. 1823ರಿಂದ ಇರುವ ಆಕ್ಸ್‌ಫರ್ಡ್ ಯೂನಿಯನ್‌ನಲ್ಲಿ ಮಾಡುವ ಹಾಗೆ ಎರಡು ಬಾಗಿಲು ಇಡುತ್ತೇವೆ. ಪರದವರು ಒಂದರಿಂದ ಹೊರಗೆ ಹೋಗಿ, ವಿರೋಧದವರು ಇನ್ನೊಂದರಿಂದ. ಬಾಗಿಲಲ್ಲಿ ಎಣಿಸುತ್ತೇವೆ.

ದಸರಾ ರಜೆಗೆ ಮೊದಲು ಸದನದ ಮಾತು ಓದುವ ಒಂದು ಸಂಜೆ. ಅಕ್ಟೋಬರ್ ಪೂರ್ತಿ ತೀರ್ಪುಗಾರರ ತರಬೇತಿ. ನವೆಂಬರ್‌ನಲ್ಲಿ ನಮ್ಮ ಅಂತರಕಾಲೇಜು ಕನ್ನಡ ಟೂರ್ನಿ: 16 ತಂಡ, ಎರಡು ದಿನ, ನಾಲ್ಕು ಸುತ್ತು, ಆಮೇಲೆ ಸೆಮಿಫೈನಲ್, ಫೈನಲ್. ದೂರದಿಂದ ಬರುವ ತಂಡಗಳಿಗೆ ಗೆಳೆಯರ ಹಾಸ್ಟೆಲ್, ಮನೆಗಳಲ್ಲಿ ಜಾಗ ಹುಡುಕುತ್ತಿದ್ದೇವೆ. ಕಳೆದ ಸಲ ಊಟ ಎರಡೂವರೆಗೆ ಬಂದು ಮೂರನೇ ಸುತ್ತು ತಡವಾಯಿತು, ಹಸಿದವರು ಮಾತಾಡಬೇಕಾಯಿತು. ಈ ಸಲ ಊಟ ಒಂದು ಗಂಟೆಗೆ, ಅಡುಗೆಯವರ ಹತ್ತಿರ ಈಗಲೇ ಮಾತಾಡಿದ್ದೇವೆ.

ತಂಡ ಇಲ್ಲ, ಒಬ್ಬರೇ ಇದ್ದೀರಾ? ಸುಮ್ನೆ ಬಂದುಬಿಡಿ. ಇಲ್ಲಿ ನಿಮ್ಮ ಹಾಗೆಯೇ ಒಬ್ಬರೇ ಬಂದ ಇನ್ನಿಬ್ಬರು ಸಿಗುತ್ತಾರೆ. ಒಂದು ನೀಲಿ, ಒಂದು ಕೆಂಪು ಪೆನ್ನು ತನ್ನಿ. ಹಾಳೆ ನಾವು ಕೊಡುತ್ತೇವೆ.