ಫಿಲ್ಟರ್ ತೊಳೀರಿ, ಹೆಪ್ಪು ಮಾತ್ರ ಉಳಿಸ್ಕೊಳ್ಳಿ

ನನ್ನ ಹೊಲಿಗೆ ಮಷಿನ್ ಪಕ್ಕದಲ್ಲೇ ಮೀನಿನ ಟ್ಯಾಂಕ್ ಇದೆ. ಬ್ಲೌಸಿಗೆ ಹುಕ್ ಹಚ್ಚುತ್ತಾ ಕೂತರೆ ಫಿಲ್ಟರಿನಿಂದ ನೀರು ಬೀಳುವ ಸದ್ದು ಕೇಳುತ್ತಲೇ ಇರುತ್ತದೆ. ಸದ್ದು ಜುಳುಜುಳು ಅಂತಿದ್ದರೆ ನಾನು ಫಿಲ್ಟರ್ ಮುಟ್ಟುವುದಿಲ್ಲ. ಸಣ್ಣಗಾಗಿ ತೊಟ್ಟಿಕ್ಕಲು ಶುರುವಾಯಿತೋ, ಮರುದಿನ ಬೆಳಿಗ್ಗೆ ಬಕೆಟ್ ಹೊರಗೆ ಬರುತ್ತದೆ. ಮೊದಲು ಹೀಗಿರಲಿಲ್ಲ. ಪ್ರತಿ ಭಾನುವಾರ ತೊಳೆಯುತ್ತಿದ್ದೆ. ಅದೂ ಹೇಗೆ ಅಂತೀರಿ?

ಟ್ಯಾಂಕ್ ತಂದ ಹೊಸದರಲ್ಲಿ, ಒಂದು ಮೇ ತಿಂಗಳು. ಫಿಲ್ಟರಿನ ಒಳಗಿನ ಸ್ಪಂಜ್, ಸೆರಾಮಿಕ್ ರಿಂಗ್ ಎಲ್ಲವನ್ನೂ ಬಚ್ಚಲಿಗೆ ಒಯ್ದು, ಪಾತ್ರೆ ಸೋಪು ಹಚ್ಚಿ, ನಲ್ಲಿ ಕೆಳಗೆ ಹಿಡಿದು ತಿಕ್ಕಿದೆ. ಮಾಳಿಗೆ ಮೇಲೆ ಸಂಡಿಗೆ ಪಕ್ಕದಲ್ಲಿ ಒಣಗಿಸಿದೆ. ರಾಯಚೂರಿನ ಬಿಸಿಲು ಗೊತ್ತಲ್ಲ, ಒಂದು ತಾಸಿನಲ್ಲಿ ಸ್ಪಂಜ್ ಹಪ್ಪಳದ ಹಾಗೆ ಗರಿಗರಿ. ಖುಷಿಯಿಂದ ಜೋಡಿಸಿದೆ. ಮೂರನೇ ದಿನ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿದ್ದವು. ನೀರು ನೋಡಿದರೆ ಕನ್ನಡಿಯಷ್ಟು ತಿಳಿ. ಅಂಗಡಿಯವರು ಯಾವುದೋ ನೀಲಿ ಔಷಧಿ ಕೊಟ್ಟರು. ಅದನ್ನೂ ಹಾಕಿದೆ. ಮುಂದಿನ ಭಾನುವಾರದೊಳಗೆ ಏಳು ಗಪ್ಪಿ ಸತ್ತವು.

ನಾನು ತೊಳೆದು ಚೆಲ್ಲಿದ್ದು ಕೊಳೆ ಅಂದುಕೊಂಡಿದ್ದೆ. ಮೀನಿನ ಹೊಲಸು, ತಿನ್ನದೆ ಉಳಿದ ಕಾಳು ಕೊಳೆತರೆ ಅಮೋನಿಯಾ ಆಗುತ್ತದೆ. ಮೀನು ಕಿವಿರಿನಿಂದಲೂ ಅದನ್ನು ಬಿಡುತ್ತಲೇ ಇರುತ್ತದೆ. ಅದು ಅವಕ್ಕೆ ವಿಷ. ಸ್ಪಂಜಿನ ತೂತುಗಳಲ್ಲಿ, ರಿಂಗಿನ ಒರಟು ಮೈಮೇಲೆ ಒಂದು ಜಾತಿಯ ಬ್ಯಾಕ್ಟೀರಿಯಾ ಮನೆ ಮಾಡಿಕೊಂಡು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ. ಅದೂ ವಿಷವೇ. ಇನ್ನೊಂದು ಜಾತಿಯವು ಅದನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ಸ್ವಲ್ಪ ಇದ್ದರೆ ಮೀನು ತಡೆದುಕೊಳ್ಳುತ್ತದೆ, ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿದರೆ ಸಾಕು. ಈ ಸಂಸಾರ ಹೊಸದಾಗಿ ಕೂಡಿಕೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಸೋಪು, ನಲ್ಲಿಯ ಕ್ಲೋರಿನ್, ಬಿಸಿಲು ಮೂರೂ ಸೇರಿ ನಾನು ಒಂದೇ ಬೆಳಿಗ್ಗೆ ಅದನ್ನು ಮುಗಿಸಿದ್ದೆ. ಮೊಸರಿನ ಪಾತ್ರೆ ಬೆಳಗಿ ತೊಳೆದುಬಿಟ್ಟು ಹೆಪ್ಪಿಗೆ ಪಕ್ಕದ ಮನೆಗೆ ಓಡುವವರನ್ನು ನೋಡಿದ್ದೀರಲ್ಲ, ಹಾಗಾಯಿತು ನನ್ನ ಕಥೆ. ಆದರೆ ಅವತ್ತು ಹೆಪ್ಪು ಕೊಡಲು ಪಕ್ಕದ ಮನೆಯಲ್ಲಿ ಟ್ಯಾಂಕ್ ಇರಲಿಲ್ಲ.

ನಮ್ಮದು 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ಟ್ಯಾಂಕ್. ಕಲ್ಲು, ಮರಳು ಕಳೆದರೆ ಸುಮಾರು 50 ಲೀಟರ್ ನೀರು. ಮೇಲೆ ಟಾಪ್ ಫಿಲ್ಟರ್. ಪಂಪು ನೀರನ್ನು ಮೇಲಿನ ಡಬ್ಬಿಗೆ ಎತ್ತುತ್ತದೆ. ನೀರು ಮೊದಲು ಬಿಳಿ ಉಣ್ಣೆಯಂಥ ಫ್ಲಾಸ್, ಆಮೇಲೆ ಸ್ಪಂಜ್, ಕೊನೆಗೆ ರಿಂಗ್ ದಾಟಿ ಕೆಳಗೆ ಬೀಳುತ್ತದೆ. ಈ ಸಾಲು ತಪ್ಪಬಾರದು. ರಿಂಗ್ ಮುಂದಿದ್ದರೆ ಕಸ ಅದರ ಮೇಲೆ ಕೂತು ಅದರ ಉಸಿರು ಕಟ್ಟುತ್ತದೆ. ನಿಮ್ಮದು ಹಿಂದೆ ನೇತುಹಾಕುವ ಫಿಲ್ಟರ್ ಇರಲಿ, ಮುಚ್ಚಿದ ಕ್ಯಾನಿಸ್ಟರ್ ಇರಲಿ, ಲೆಕ್ಕ ಇದೇ.

ಫ್ಲಾಸ್ ಅಂದಾಗ ಒಂದು ಮಾತು. ನಮ್ಮದು ಹತ್ತಿಯ ಊರು. ಅಪ್ಪ ಜಿನ್ನಿಂಗ್ ಮಿಲ್ಲಿನಲ್ಲಿ ದುಡಿದವರು, ಮನೆಯಲ್ಲಿ ಹತ್ತಿಗೆ ಬರ ಇಲ್ಲ. ಫ್ಲಾಸಿಗೆ ಯಾಕೆ ದುಡ್ಡು ಕೊಡಬೇಕು ಅಂತ ಒಂದು ಹಿಡಿ ಒಳ್ಳೆ ಹತ್ತಿ ತುಂಬಿದೆ. ನಾಲ್ಕೇ ದಿನಕ್ಕೆ ಅದು ಲೋಳೆಯಾಗಿ ಒತ್ತಿಕೊಂಡು, ಡಬ್ಬಿ ತುಂಬಿ, ನೀರು ಪಕ್ಕದಿಂದ ಇಳಿದು ಗಿರಾಕಿಯ ರೇಷ್ಮೆ ಬ್ಲೌಸ್ ಪೀಸಿನ ಮೇಲೆ ಸುರಿಯಿತು. ಹತ್ತಿ ನೀರಿನಲ್ಲಿ ಕೊಳೆಯುತ್ತದೆ. ಪಾಲಿಯೆಸ್ಟರ್ ಕೊಳೆಯುವುದಿಲ್ಲ. ದಿಂಬಿಗೆ ತುಂಬುವ ಪಾಲಿಯೆಸ್ಟರ್ ಫೈಬರ್ ನಡೆಯುತ್ತದೆ, ಸೆಂಟು, ರಾಸಾಯನಿಕ ಲೇಪ ಇಲ್ಲದ್ದು ನೋಡಿ ತಗೊಳ್ಳಿ. ಫ್ಲಾಸನ್ನು ನಾನು ವಾರ, ಹತ್ತು ದಿನಕ್ಕೊಮ್ಮೆ ಎಸೆದು ಹೊಸದು ಹಾಕುತ್ತೇನೆ. ಎಸೆಯಬಹುದಾದ್ದು ಅದೊಂದೇ.

ಈಗ ತೊಳೆಯುವ ದಿನದ ಕೆಲಸ. ಬೆಳಿಗ್ಗೆ ಆರಕ್ಕೇ ಶುರು ಮಾಡಿ. ಬೇಸಿಗೆಯಲ್ಲಿ ಮಧ್ಯಾಹ್ನ ಮಾಳಿಗೆ ಮೇಲಿನ ಸಿಂಟೆಕ್ಸ್ ನೀರಿಗೆ ಚಹಾಪುಡಿ ಹಾಕಿದರೆ ಚಹಾ ಆದೀತು, ಅಷ್ಟು ಕಾದಿರುತ್ತದೆ. ಮೊದಲು ಪಂಪಿನ ಪ್ಲಗ್ ಕಿತ್ತುಬಿಡಿ. ಸ್ವಿಚ್ ಆರಿಸಿದರೆ ಸಾಲದು, ಕೈ ನೀರಿನಲ್ಲಿರುತ್ತದೆ. ಪೈಪಿನಿಂದ ಟ್ಯಾಂಕಿನ ಕಾಲು ಭಾಗ ನೀರು, ನನ್ನ ಲೆಕ್ಕದಲ್ಲಿ 12 ಲೀಟರ್, ಬಕೆಟ್ಟಿಗೆ ಇಳಿಸಿ. ವಾರದ ನೀರು ಬದಲಿಸುವ ಕೆಲಸವೂ ಅದರಲ್ಲೇ ಮುಗಿಯುತ್ತದೆ.

ಸ್ಪಂಜನ್ನು ಆ ನೀರಿನಲ್ಲೇ ಅದ್ದಿ, ಮೆಲ್ಲಗೆ ಮೂರು ನಾಲ್ಕು ಸಲ ಹಿಂಡಿ. ಕಂದು ರಾಡಿ ಬರುತ್ತದೆ. ನೀರು ತಿಳಿಯಾಗುವ ತನಕ ಹಿಂಡುವ ಚಪಲ ಬೇಡ. ಸ್ಪಂಜಿನ ತೂತಿನಲ್ಲಿ ನೀರು ಸಲೀಸಾಗಿ ಹರಿದರೆ ಆಯಿತು, ಕಂದು ಬಣ್ಣ ಅಲ್ಲೇ ಇರಲಿ. ಒಮ್ಮೆ ಮೂಸಿ ನೋಡಿ, ಅಸಹ್ಯಪಡಬೇಡಿ. ಮೊದಲ ಮಳೆಗೆ ನೆಂದ ಮಣ್ಣಿನ ವಾಸನೆ ಬಂದರೆ ಎಲ್ಲ ಸರಿ. ಕೊಳೆತ ಮೊಟ್ಟೆ ವಾಸನೆ ಬಂದರೆ ಒಳಗೆ ಗಾಳಿ ಆಡುತ್ತಿಲ್ಲ, ಬಹಳ ದಿನ ಬಿಟ್ಟಿದ್ದೀರಿ ಅಂತ ಅರ್ಥ. ನಮ್ಮ ಮನೆಯಲ್ಲಿ ಸ್ಪಂಜಿಗೆ ಮೂರು ನಾಲ್ಕು ವಾರಕ್ಕೊಮ್ಮೆ ಸ್ನಾನ.

ರಿಂಗುಗಳನ್ನು ಮುಟ್ಟುವುದು ಇನ್ನೂ ಅಪರೂಪ. ಮೂರು ನಾಲ್ಕು ತಿಂಗಳಿಗೊಮ್ಮೆ ಅದೇ ಬಕೆಟ್ಟಿನಲ್ಲಿ ಎರಡು ಸಲ ಅದ್ದಿ ಎತ್ತಿದರೆ ಮುಗಿಯಿತು. ಬಿಡಿಬಿಡಿಯಾಗಿ ಆರಿಸಿ ಆರಿಸಿ ಬೇಜಾರಾಗಿ, ಹಳೆ ನೈಲಾನ್ ನೆಟ್ಟಿನಲ್ಲಿ ಅವಕ್ಕೆ ಚೀಲ ಹೊಲಿದೆ. ಅಳತೆ ಕೊಡಲು ಬಂದ ಅಜ್ಜಿ ನೋಡಿ, "ಏನವ್ವಾ, ಮೀನಿಗೂ ಜಂಪರ್ ಹೊಲೀಲಿಕತ್ತೀ ಏನು?" ಅಂದರು.

ಬಕೆಟ್ಟಿನ ರಾಡಿ ನೀರನ್ನು ಚರಂಡಿಗೆ ಚೆಲ್ಲಬೇಡಿ. ಕರಿಬೇವಿಗೆ, ಮಲ್ಲಿಗೆಗೆ ಹಾಕಿ. ನನ್ನ ಕರಿಬೇವು ಗೋಡೆ ದಾಟಿ ಬೆಳೆದಿದ್ದು ಆ ನೀರಿನಿಂದಲೇ.

ಪಂಪಿನ ಒಳಗೆ ತಿರುಗುವ ಇಂಪೆಲ್ಲರ್ ಇದೆಯಲ್ಲ, ಎಷ್ಟೋ ಜನ ಅದನ್ನು ಬಿಚ್ಚುವುದೇ ಇಲ್ಲ. ಸ್ಪಂಜ್ ತೊಳೆದ ಮೇಲೂ ನೀರು ಸಣ್ಣಗೇ ಬಂದರೆ ತಪ್ಪು ಅಲ್ಲಿರುತ್ತದೆ. ನಮ್ಮ ಬೋರ್‌ವೆಲ್ ನೀರು ಗಡಸು. ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪದರವೇ ಇಂಪೆಲ್ಲರಿಗೂ ಕಟ್ಟುತ್ತದೆ. ಅದನ್ನು ಎಳೆದು ತೆಗೆದು, ವಿನೆಗರ್ ಅಥವಾ ನಿಂಬೆರಸ ಬೆರೆಸಿದ ನೀರಿನಲ್ಲಿ ಅರ್ಧ ತಾಸು ಬಿಡಿ. ಹಳೆ ಟೂತ್ ಬ್ರಶ್ಶಿನಿಂದ ಉಜ್ಜಿ, ಚೆನ್ನಾಗಿ ತೊಳೆದು ಹಾಕಿ. ಇದನ್ನು ನಲ್ಲಿ ನೀರಿನಲ್ಲಿ ತೊಳೆದರೆ ಏನೂ ಆಗುವುದಿಲ್ಲ. ನಡುವಿನ ಸೆರಾಮಿಕ್ ಕಡ್ಡಿ ಬಳೆಯಷ್ಟೇ ನಾಜೂಕು. ನಾನು ಒಂದು ಮುರಿದು, ಅದೊಂದು ಕಡ್ಡಿ ಎಲ್ಲೂ ಸಿಗದೆ ಹೊಸ ಪಂಪನ್ನೇ ತಂದೆ.

ಹೊಸ ನೀರು ತುಂಬುವಾಗ ಎಚ್ಚರ. ನಗರಸಭೆ ನಲ್ಲಿ ನೀರಾದರೆ ಕ್ಲೋರಿನ್ ಇರುತ್ತದೆ. ಡ್ರಮ್ಮಿನಲ್ಲಿ ಬಾಯಿ ತೆರೆದು ಒಂದು ದಿನ ಇಡಿ, ಇಲ್ಲವೇ ಆಂಟಿ ಕ್ಲೋರಿನ್ ಹನಿ ಹಾಕಿ. ಮುಟ್ಟಿದರೆ ಟ್ಯಾಂಕಿನ ನೀರಿನಷ್ಟೇ ಬಿಸಿ, ಅಷ್ಟೇ ತಂಪು ಇರಬೇಕು. ಬೋರ್ ನೀರಿಗೆ ಸಾಮಾನ್ಯವಾಗಿ ಕ್ಲೋರಿನ್ ಚಿಂತೆ ಇಲ್ಲ. ಗಪ್ಪಿ, ಮೋಲಿಗಳಿಗೆ ಗಡಸು ನೀರು ಇಷ್ಟ ಕೂಡ. ಆದರೆ ಇಂಥ ನೀರು ಬಹಳ ಸಲ ಕ್ಷಾರದ ಕಡೆ ವಾಲಿರುತ್ತದೆ. ಕ್ಷಾರ ಮತ್ತು ಬಿಸಿ ಎರಡೂ ಹೆಚ್ಚಾದಷ್ಟು ಅಮೋನಿಯಾ ಹೆಚ್ಚು ವಿಷವಾಗುತ್ತದೆ. ನನ್ನ ಗಪ್ಪಿಗಳು ಅಷ್ಟು ಬೇಗ ಹೋದದ್ದು ಯಾಕೆ ಅಂತ ಇದನ್ನು ತಿಳಿದ ಮೇಲೆ ಹೊಳೆಯಿತು. ಹಾಗಾಗಿ ಬೇಸಿಗೆಯಲ್ಲಿ ಫಿಲ್ಟರಿಗೆ ಕೈ ಹಾಕುವಾಗ ಜಾಸ್ತಿ ಹುಷಾರು. ಫಿಲ್ಟರ್ ತೊಳೆದ ದಿನ ಮರಳು ಕೆದಕಬೇಡಿ, ಅದಕ್ಕೆ ಬೇರೆ ವಾರ ಇದೆ. ಮುಂದಿನ ಎರಡು ದಿನ ಕಾಳು ಅರ್ಧ ಮಾಡಿ. ಅಮೋನಿಯಾ ನೋಡುವ ಟೆಸ್ಟ್ ಕಿಟ್ ಇದ್ದರೆ ಒಳ್ಳೆಯದು. ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಔಷಧಿ ಅಂಗಡಿಗೆ ಓಡುವ ಮೊದಲು ಕ್ಲೋರಿನ್ ಇಲ್ಲದ ನೀರಿನಿಂದ ಮೂರನೇ ಒಂದು ಭಾಗ ಬದಲಿಸಿ, ಕಾಳು ನಿಲ್ಲಿಸಿ, ಗಾಳಿ ಪಂಪು ಹಾಕಿ.

ಇನ್ನು ಬದಲಾಯಿಸುವ ವಿಷಯ. ಪ್ಯಾಕೆಟ್ ಮೇಲೆ ತಿಂಗಳಿಗೊಮ್ಮೆ ಎಲ್ಲ ಬದಲಿಸಿ ಅಂತ ಬರೆದಿದ್ದರೆ ಅದು ಮಾರುವವರ ಲೆಕ್ಕ. ಸ್ಪಂಜ್ ಹಿಂಡಿ ಬಿಟ್ಟಾಗ ಮತ್ತೆ ಉಬ್ಬುತ್ತಿದ್ದರೆ ಅದಕ್ಕಿನ್ನೂ ಆಯಸ್ಸಿದೆ. ಚಪ್ಪಟೆಯಾಗಿ ಉಳಿದರೆ, ಪುಡಿ ಉದುರಿದರೆ ಸಮಯ ಬಂತು. ಆಗಲೂ ಪೂರ್ತಿ ತೆಗೆಯಬೇಡಿ. ಹಳೆಯದನ್ನು ಕತ್ತರಿಯಿಂದ ಅರ್ಧ ಮಾಡಿ, ಹೊಸ ಅರ್ಧವನ್ನು ಅದಕ್ಕೆ ಅಂಟಿದಂತೆ ಇಡಿ. ಒಂದು ತಿಂಗಳು ಇಬ್ಬರೂ ಜೊತೆಗಿರಲಿ. ಹಾಲಿಗೆ ಹೆಪ್ಪು ಹಾಕಿದ ಹಾಗೆಯೇ, ಕಾಯಬೇಕು ಅಷ್ಟೆ. ಆಮೇಲೆ ಉಳಿದರ್ಧ. ರಿಂಗ್ ಆದರೆ ಒಂದು ಸಲಕ್ಕೆ ಮೂರನೇ ಒಂದು ಭಾಗ, ಅದೂ ಪುಡಿಯಾಗುತ್ತಿದ್ದರೆ ಮಾತ್ರ. ಹೊಸ ರಿಂಗಿನ ಬಿಳಿ ಧೂಳು ಮೊದಲು ತೊಳೆದುಕೊಳ್ಳಿ.

ಫಿಲ್ಟರಿನಲ್ಲಿಡುವ ಕಾರ್ಬನ್ ಚೀಲ, ಅಂದರೆ ಇದ್ದಿಲಿನ ಚೀಲ, ನಾನು ದಿನವೂ ಇಡುವುದಿಲ್ಲ. ಮೂರು ನಾಲ್ಕು ವಾರಕ್ಕೆ ಅದರ ಹೊಟ್ಟೆ ತುಂಬುತ್ತದೆ, ತೊಳೆದರೆ ಖಾಲಿಯಾಗುವುದಿಲ್ಲ, ಸುಮ್ನೆ ಖರ್ಚು. ಔಷಧಿ ಹಾಕಿ ರೋಗ ವಾಸಿಯಾದ ಮೇಲೆ ಉಳಿದ ಔಷಧಿ ಹೀರಲು ಮಾತ್ರ ಹಾಕುತ್ತೇನೆ. ಔಷಧಿ ನಡೆಯುವಾಗ ತೆಗೆದಿಡಿ, ಇಲ್ಲದಿದ್ದರೆ ಅದೇ ಕುಡಿದುಬಿಡುತ್ತದೆ.

ಕರೆಂಟಿನ ಮಾತು ಬಿಡುವ ಹಾಗಿಲ್ಲ. ಇಲ್ಲೇ ಶಕ್ತಿನಗರದಲ್ಲಿ 1720 ಮೆಗಾವಾಟಿನ ವಿದ್ಯುತ್ ಸ್ಥಾವರ ಹೊಗೆ ಬಿಡುತ್ತದೆ, ನಮ್ಮ ಓಣಿಯಲ್ಲಿ ಮಧ್ಯಾಹ್ನ ಫ್ಯಾನ್ ನಿಲ್ಲುತ್ತದೆ. ನೀರು ಹರಿಯದಿದ್ದರೆ ಫಿಲ್ಟರಿನ ಬ್ಯಾಕ್ಟೀರಿಯಾಕ್ಕೆ ಆಮ್ಲಜನಕ ಸಿಗುವುದಿಲ್ಲ. ಬಿಸಿ ನೀರಿನಲ್ಲಿ ಅದು ಮೊದಲೇ ಕಮ್ಮಿ. 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಕರಗಿದರೆ 35 ಡಿಗ್ರಿಯಲ್ಲಿ 7 ಮಾತ್ರ. ಟಾಪ್ ಫಿಲ್ಟರಿಗೆ ಒಂದು ಅನುಕೂಲ ಇದೆ, ನೀರು ಇಳಿದರೂ ಸ್ಪಂಜ್ ಹಸಿಯಾಗಿ ಗಾಳಿಯಲ್ಲಿರುತ್ತದೆ. ಮುಚ್ಚಿದ ಕ್ಯಾನಿಸ್ಟರ್ ಆದರೆ ಕೆಲವೇ ತಾಸಿನಲ್ಲಿ ಒಳಗೆ ಕೊಳೆಯಲು ಶುರು. ಅರ್ಧ ದಿನ ಕರೆಂಟ್ ಹೋಗಿದ್ದರೆ ಹಾಗೇ ಚಾಲೂ ಮಾಡಬೇಡಿ. ಒಳಗಿನ ನೀರು ಚೆಲ್ಲಿ, ಸ್ಪಂಜ್, ರಿಂಗುಗಳನ್ನು ಟ್ಯಾಂಕ್ ನೀರಿನಲ್ಲಿ ಜಾಲಿಸಿ ಆಮೇಲೆ ಹಚ್ಚಿ.

ಮೊನ್ನೆ ಹಿಂದಿನ ಓಣಿಯವರು ಹೊಸ ಟ್ಯಾಂಕ್ ತಂದರು. ನಾನು ಸ್ಪಂಜ್ ಬದಲಿಸುವ ವಾರವೇ ಆಗಿತ್ತು. ತೆಗೆದ ಅರ್ಧವನ್ನು ಊಟದ ಡಬ್ಬಿಯಲ್ಲಿ ಟ್ಯಾಂಕ್ ನೀರಿನ ಜೊತೆ ಹಾಕಿ, "ಬಿಸಿಲಲ್ಲಿ ಇಡಬ್ಯಾಡ್ರೀ, ಹೋದ ತಕ್ಷಣ ಫಿಲ್ಟರಿನಾಗ ಹಾಕ್ರಿ" ಅಂತ ಕೊಟ್ಟೆ. ಹೀಗೆ ಕೊಡುವ ಮೊದಲು ನಿಮ್ಮ ಮೀನುಗಳು ಆರೋಗ್ಯವಾಗಿವೆಯೇ ನೋಡಿಕೊಳ್ಳಿ, ರೋಗವೂ ಸ್ಪಂಜಿನ ಜೊತೆ ಹೋಗುತ್ತದೆ. ಹೋದ ಆಗಸ್ಟಿನಲ್ಲಿ ನನ್ನ ಮೋಲಿಗಳಿಗೆ ಬಿಳಿ ಚುಕ್ಕೆ ರೋಗ ಬಂದಿತ್ತು. ಆಗ ಬಂದು ಕೇಳಿದ್ದರೆ ಕೊಡುತ್ತಿರಲಿಲ್ಲ.