ಪೆನ್ಸಿಲ್‌ಗೆ ಮೊದಲು ರಾಗಿ ತಟ್ಟೆ

ಎಲ್‌ಕೆಜಿಗೆ ಸೇರಿದ ಮೊದಲ ತಿಂಗಳಲ್ಲೇ ಮಗುವಿನ ಕೈಗೆ ಪೆನ್ಸಿಲ್ ಕೊಟ್ಟು ‘ಅ’ ತಿದ್ದಿಸುವುದು ಈಗಲೂ ಎಷ್ಟೋ ಕಡೆ ನಡೆದಿದೆ. ವರ್ಷಗಟ್ಟಲೆ ನಾನೂ ಹಾಗೇ ತಿದ್ದಿಸಿದೆ. ಹಾಳೆ ಹರಿಯುವಷ್ಟು ಒತ್ತುವವರು ಕೆಲವರು, ಎರಡೇ ಸಾಲಿಗೆ “ಮಿಸ್, ಕೈ ನೋಯ್ತಿದೆ” ಅನ್ನುವವರು ಕೆಲವರು. ಅದು ಸೋಮಾರಿತನವಲ್ಲ. ನಾಲ್ಕು ವರ್ಷದ ಮಗುವಿನ ಮಣಿಕಟ್ಟಿನ ಎಲುಬುಗಳೇ ಇನ್ನೂ ಪೂರ್ತಿ ಬಲಿತಿರುವುದಿಲ್ಲ. ಹಿಟ್ಟು ನಾದಿ, ಬೀಜ ಹೆಕ್ಕಿ, ಮಣ್ಣು ಕಲಸಿ ಆ ಕೈ ಹದಕ್ಕೆ ಬರಬೇಕು. ಅದಕ್ಕೆ ಬೇಕಾದ ಸಾಮಾನು ನಮ್ಮ ಅಡುಗೆಮನೆಯಲ್ಲೇ ಇದೆ.

ರಾಗಿ ತಟ್ಟೆ

ನಮ್ಮಲ್ಲಿ ಅಕ್ಷರಾಭ್ಯಾಸ ಮಾಡಿಸುವಾಗ ಮಗುವಿನ ಬೆರಳು ಹಿಡಿದು ತಟ್ಟೆಯ ಅಕ್ಕಿಯಲ್ಲಿ ಬರೆಸುತ್ತೇವೆ. ಶೃಂಗೇರಿಯ ಶಾರದಾಂಬೆಯ ಸನ್ನಿಧಿಗೆ ಇದಕ್ಕೆಂದೇ ಮಕ್ಕಳನ್ನು ಕರೆದೊಯ್ಯುವವರಿದ್ದಾರೆ. ಆ ಒಂದು ದಿನದ ಶಾಸ್ತ್ರವನ್ನು ತರಗತಿಯ ದಿನನಿತ್ಯದ ಆಟ ಮಾಡಿಕೊಳ್ಳಿ.

ಅಂಚಿರುವ ಸ್ಟೀಲ್ ತಟ್ಟೆ ಅಥವಾ ಸೀರೆ ಡಬ್ಬದ ಮುಚ್ಚಳ ತೆಗೆದುಕೊಳ್ಳಿ. ತಳಕ್ಕೆ ಬಿಳಿ ಹಾಳೆ ಹಾಕಿ, ಬೆರಳಾಡಿಸಿದರೆ ಬಿಳಿ ಗೆರೆ ಎದ್ದು ಕಾಣುತ್ತದೆ. ಮೇಲೆ ರಾಗಿ ಕಾಳು ಹರಡಿ, ಹಾಳೆ ಮುಚ್ಚುವಷ್ಟಿದ್ದರೆ ಸಾಕು. ದಪ್ಪವಾದರೆ ಗೆರೆ ಎಳೆದ ಹಾಗೇ ಕಾಳು ಉರುಳಿ ಮುಚ್ಚಿಕೊಳ್ಳುತ್ತದೆ. ರಾಗಿ ಹಿಟ್ಟು ಬೇಡ, ಒಂದು ಮಗು ಸೀನಿದರೆ ಮುಗಿಯಿತು. ತಟ್ಟೆಗಳ ಕೆಳಗೆ ಹಳೆಯ ಬೆಡ್‌ಶೀಟ್ ಹಾಸಿರಿ, ಚೆಲ್ಲಿದ್ದನ್ನು ನಾಲ್ಕು ಮೂಲೆ ಹಿಡಿದು ಎತ್ತಿಬಿಡಬಹುದು. ಇಬ್ಬರಿಗೊಂದು ತಟ್ಟೆ. ಒಬ್ಬರು ಬರೆಯುವಾಗ ಇನ್ನೊಬ್ಬರು ಏನು ಬರೆದರೆಂದು ಹೇಳಬೇಕು, ಆಮೇಲೆ ತಟ್ಟೆ ಅಲ್ಲಾಡಿಸಿ ಅಳಿಸಬೇಕು. ಅಳಿಸುವ ಕೆಲಸಕ್ಕೇ ಮಕ್ಕಳು ಹೆಚ್ಚು ಕಾಯುತ್ತಾರೆ!

ಮೊದಲ ವಾರ ಅಕ್ಷರವೇ ಬೇಡ. ಮಲಗಿದ ಗೆರೆ, ನಿಂತ ಗೆರೆ, ಮಳೆಯ ಹಾಗೆ ಓರೆ ಗೆರೆ, ಬಳೆ, ಅರ್ಧ ಬಳೆ. ಕನ್ನಡದ ಅಕ್ಷರಗಳೆಲ್ಲ ದುಂಡು, ಹಾಗಾಗಿ ಬಳೆ ಚೆನ್ನಾಗಿ ಕೂತರೆ ಮುಂದಿನದು ಹಗುರ. ಆಮೇಲೆ ರ, ಗ, ಸ, ದ, ಅ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ, ಸರ್ಕಾರಿ ಶಾಲೆಗಳ ಚಟುವಟಿಕೆ ಆಧಾರಿತ ಕಲಿಕೆಯಾದ ನಲಿ-ಕಲಿಯಲ್ಲಿ ಅಕ್ಷರಗಳು ಬರುವುದು ಈ ಕ್ರಮದಲ್ಲೇ. ಐದು ಅಕ್ಷರ ಬಂದರೆ ಸರ, ರಸ, ಅರಸ, ಅಗಸ, ಗರಗಸ ಎಲ್ಲ ಬಂದಂತೆ. ಅಆಇಈ ಎಂದು ಹದಿಮೂರು ಸ್ವರ ಮುಗಿಸುವವರೆಗೂ ಮಗುವಿಗೆ ಓದಲು ಒಂದೇ ಒಂದು ಒಳ್ಳೆಯ ಪದ ಸಿಗದಿರುವುದಕ್ಕಿಂತ ಇದು ಎಷ್ಟೋ ಮೇಲು. ಮನೆಯಲ್ಲಿ ವರ್ಣಮಾಲೆ ಬಾಯಿಪಾಠ ಮಾಡಿಸುತ್ತಾರಾದರೆ ಮಾಡಿಸಲಿ, ಎರಡಕ್ಕೂ ಜಗಳವಿಲ್ಲ.

ಕೆರೆ-ದಡ, ಸ್ವಲ್ಪ ಬದಲಿಸಿ

ಈ ಆಟ ನಿಮಗೆ ಗೊತ್ತೇ ಇದೆ. ಅಂಗಳದಲ್ಲಿ ದೊಡ್ಡ ವೃತ್ತ ಎಳೆಯಿರಿ. ಒಳಗೆ ಕೆರೆ, ಹೊರಗೆ ದಡ. ನೀವು ಕೂಗಿದ ಕಡೆಗೆ ಮಕ್ಕಳು ಹಾರಬೇಕು.

ತಪ್ಪು ಹಾರಿದವರು ಔಟ್ ಎಂಬುದು ದೊಡ್ಡ ಮಕ್ಕಳ ನಿಯಮ. ಶಿಶುವಿಹಾರದಲ್ಲಿ ಅದನ್ನು ಕೈಬಿಡಿ ಎಂದು ಕೈಮುಗಿದು ಕೇಳುತ್ತೇನೆ. ಮೊದಲು ಔಟ್ ಆಗುವ ಮಗುವಿಗೇ ಈ ಆಟ ಎಲ್ಲರಿಗಿಂತ ಹೆಚ್ಚು ಬೇಕಾಗಿರುತ್ತದೆ. ಅದನ್ನು ಗೋಡೆಗೆ ಒರಗಿಸಿ ಕೂರಿಸಿದರೆ ಕಲಿಯುವುದು ಯಾವಾಗ? ತಪ್ಪಿದ ಮಗುವೇ ಮುಂದಿನ ಸಲ ಕೂಗಲಿ. ನನ್ನ ತರಗತಿಯಲ್ಲಿ ಜೂನ್‌ನಿಂದ ಬಾಯಿ ಬಿಡದಿದ್ದ ಒಬ್ಬ ಹುಡುಗನ ದನಿಯನ್ನು ನಾವೆಲ್ಲ ಮೊದಲು ಕೇಳಿದ್ದು ಹೀಗೇ. “ಕೆರೆ!” ಎಂದು ಅವನು ಕೂಗಿದ್ದಕ್ಕೆ ಎಲ್ಲರೂ ಒಟ್ಟಿಗೆ ಒಳಗೆ ಹಾರಿದರು. ಅವನು ಮತ್ತೆ ಮತ್ತೆ “ಕೆರೆ” ಎಂದೇ ಕೂಗಿದ.

ಆಟ ಪಳಗಿದ ಮೇಲೆ ಪ್ರಾಣಿಗಳ ಹೆಸರು ಹೇಳಿ. ಮೀನು ಎಂದರೆ ಕೆರೆಗೆ, ಹಸು ಎಂದರೆ ದಡಕ್ಕೆ. ಕಪ್ಪೆ ಎನ್ನಿ ನೋಡೋಣ! ಕೆಲವರು ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟು ನಿಲ್ಲುತ್ತಾರೆ, ವಾದ ಶುರುವಾಗುತ್ತದೆ. ಉತ್ತರ ನೀವು ಹೇಳಬೇಡಿ, ವಾದ ನಡೆಯಲಿ. ಇನ್ನೊಂದು ತಿಂಗಳಿಗೆ ಸದ್ದಿನ ಆಟ: ‘ಮ’ದಿಂದ ಶುರುವಾಗುವ ಪದಕ್ಕೆ ಕೆರೆ, ಉಳಿದದ್ದಕ್ಕೆ ದಡ. ಮರ, ಮನೆ, ಗಡಿಯಾರ, ಮಳೆ. ಅಕ್ಷರ ಬರೆಯಲು ಬಾರದ ಮಗುವೂ ಕಿವಿಯಿಂದ ಅದನ್ನು ಗುರುತಿಸುತ್ತದೆ.

ಐದು ಹುಣಸೆ ಬೀಜ

ಚೌಕಾಬಾರ ಆಡುವವರು ಹುಣಸೆ ಬೀಜದ ಒಂದು ಬದಿ ಉಜ್ಜಿ ಬಿಳಿ ಮಾಡಿಕೊಳ್ಳುತ್ತಾರಲ್ಲ, ಅಂಥವು ಮಗುವಿಗೆ ಐದರಂತೆ ಬೇಕು. ಉಜ್ಜುವ ಕೆಲಸ ನೀವೇ ಮಾಡಿ. ಉಜ್ಜಿದ ಬೀಜ ಸುಡುವಷ್ಟು ಬಿಸಿಯಾಗುತ್ತದೆ, ಅದನ್ನು ಪಕ್ಕದವರ ಕೈಗೆ ತಾಗಿಸಿ ಕಿರುಚಿಸಿದ ನೆನಪು ನಮಗೆಲ್ಲ ಇದೆ.

ಮಗು ಐದನ್ನೂ ಕೈಯಲ್ಲಿ ಕುಲುಕಿ ನೆಲಕ್ಕೆ ಹಾಕಲಿ. ಬಿಳಿ ಎಷ್ಟು, ಕಂದು ಎಷ್ಟು? ಎರಡು ಬಿಳಿ, ಮೂರು ಕಂದು. ಇನ್ನೊಮ್ಮೆ ಹಾಕಿದರೆ ನಾಲ್ಕು, ಒಂದು. ಪ್ರತಿ ಸಲವೂ ಒಟ್ಟು ಎಷ್ಟೆಂದು ಕೇಳಿ. ಶುರುವಿನಲ್ಲಿ ಮಗು ಪ್ರತಿ ಸಲವೂ ಮೊದಲಿನಿಂದ ಎಣಿಸುತ್ತದೆ. ಒಂದು ದಿನ ಎಣಿಸದೇ “ಐದೇ ಮಿಸ್” ಎನ್ನುತ್ತದೆ. ಹೇಗೆ ಬಿದ್ದರೂ ಐದು ಐದೇ ಎಂದು ಅದಕ್ಕೆ ಹೊಳೆದಿದೆ. ಕೂಡುವ ಲೆಕ್ಕ ಶುರುವಾಗುವುದು ಅಲ್ಲಿಂದ. ಅಲ್ಲಿಯವರೆಗೆ ಆರನೇ ಬೀಜ ಕೊಡಬೇಡಿ.

ಒಂದು ಎಚ್ಚರಿಕೆ. ಬೀಜ ಮೂಗಿಗೆ, ಕಿವಿಗೆ, ಬಾಯಿಗೆ ಹೋಗುವ ವಯಸ್ಸಿದು. ಕೊಡುವಾಗ ಎಣಿಸಿ, ವಾಪಸ್ ತೆಗೆದುಕೊಳ್ಳುವಾಗಲೂ ಎಣಿಸಿ. ಮೂರು ವರ್ಷದ ಆಸುಪಾಸಿನ ಮಕ್ಕಳಿದ್ದರೆ ಬೀಜದ ಬದಲು ಬಾಯಲ್ಲಿ ಹಿಡಿಸದಷ್ಟು ದೊಡ್ಡ ಡಬ್ಬಿ ಮುಚ್ಚಳ ಬಳಸಿ.

ಮೂವತ್ತು ಮಕ್ಕಳಿದ್ದರೆ?

ಮೂರು ಗುಂಪು ಮಾಡಿ. ಒಂದಕ್ಕೆ ರಾಗಿ ತಟ್ಟೆ, ಒಂದಕ್ಕೆ ಗೋಧಿ ಹಿಟ್ಟಿನ ಉಂಡೆ, ಬೀಜದ ಗುಂಪಿನ ಜೊತೆ ನೀವು ಕೂರಿ. ಹತ್ತು ಹನ್ನೆರಡು ನಿಮಿಷಕ್ಕೊಮ್ಮೆ ಜಾಗ ಬದಲು. ಬದಲಿಸುವಾಗ ಕೂಗಬೇಡಿ, ಚಪ್ಪಾಳೆಯ ಒಂದು ತಾಳ ಹಾಕಿ, ಕೇಳಿಸಿಕೊಂಡವರು ಅದೇ ತಾಳ ಹಾಕುತ್ತಾ ನಿಲ್ಲಲಿ. ಗಲಾಟೆ ಹೆಚ್ಚಾದರೆ ಮಕ್ಕಳನ್ನು ಗದರುವ ಮೊದಲು ಯಾರು ಕೆಲಸವಿಲ್ಲದೆ ಕಾಯುತ್ತಿದ್ದಾರೆ ನೋಡಿ. ನನ್ನ ಅನುಭವದಲ್ಲಿ ಗಲಾಟೆ ಹುಟ್ಟುವುದು ಅಲ್ಲಿಂದ.

“ಬರೀ ಆಟ ಆಡಿಸ್ತೀರ, ನೋಟ್‌ಬುಕ್ ಖಾಲಿ ಇದೆಯಲ್ಲ” ಎಂದು ಪೋಷಕರು ಕೇಳಿಯೇ ಕೇಳುತ್ತಾರೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಮೂರರಿಂದ ಎಂಟು ವರ್ಷದವರೆಗೆ ಆಟದ ಮೂಲಕ ಕಲಿಕೆ ಎಂದಿದೆ, ಆದರೆ ನೀತಿ ಹೇಳಿದರೆ ಯಾರಿಗೂ ಸಮಾಧಾನವಾಗುವುದಿಲ್ಲ. ಪೋಷಕರ ಸಭೆಯಲ್ಲಿ ಅವರ ಎಡಗೈಗೆ ಪೆನ್ಸಿಲ್ ಕೊಟ್ಟು ನಾಲ್ಕು ಸಾಲು ‘ಅ’ ಬರೆಯಲು ಹೇಳಿ. ಎಡಗೈಯವರಿಗೆ ಬಲಗೈ. ಎರಡನೇ ಸಾಲಿಗೆ ಅವರು ಬೆರಳು ಕೊಡವಿಕೊಳ್ಳುವಾಗ ರಾಗಿ ತಟ್ಟೆಯನ್ನು ಮುಂದಿಡಿ.

ರಾಗಿಯನ್ನು ಹದಿನೈದು ದಿನಕ್ಕೊಮ್ಮೆ ಬಿಸಿಲಿಗೆ ಹಾಕಿ. ಡಬ್ಬದಲ್ಲಿ ನಾಲ್ಕು ಒಣಗಿದ ಬೇವಿನೆಲೆ ಇಟ್ಟರೆ ಹುಳು ಹಿಡಿಯುವುದಿಲ್ಲ. ಹಳತಾದದ್ದನ್ನು ಮಕ್ಕಳ ಕೈಯಲ್ಲೇ ಅಂಗಳದ ಗುಬ್ಬಿಗಳಿಗೆ ಹಾಕಿಸಿ.