ಆದ, ಆಗಿ ಹಿಡ್ಕೊಂಡು ಅಡ್ಜೆಕ್ಟಿವ್ ಕಲಿತಿದ್ದು: ನನ್ನ ಅನುಭವ

ಅಡ್ಜೆಕ್ಟಿವ್ ಅಂದ್ರೆ ನಾಮಪದದ ಗುಣ ಹೇಳೋ ಪದ ಅಂತ ಸ್ಕೂಲಲ್ಲೇ ಬಾಯಿಪಾಠ ಆಗಿತ್ತು, ಆದ್ರೂ ಇಂಗ್ಲಿಷಲ್ಲಿ ಒಂದು ಪ್ಯಾರಾ ಬರೆಯೋಕೆ ಕೂತ್ರೆ ಅಲ್ಲೇ ಎಡವುತ್ತಿದ್ದೆ. ಒಂದಿನ ಹಳೇ ನೋಟ್‌ಬುಕ್ ತೆಗೆದು ಕೆಂಪು ಇಂಕಲ್ಲಿ ತಿದ್ದಿದ್ದ ವಾಕ್ಯಗಳನ್ನೆಲ್ಲ ಒಂದು ಹಾಳೆ ಮೇಲೆ ಬರ್ಕೊಂಡು, ಒಂದೊಂದರ ಪಕ್ಕನೂ ಅದನ್ನ ಬರೆಯೋವಾಗ ತಲೇಲಿದ್ದ ಕನ್ನಡ ವಾಕ್ಯ ಬರೆದೆ. ತಪ್ಪು ಎಲ್ಲಿಂದ ಬರ್ತಿದೆ ಅಂತ ಆಗ ಕಾಣಿಸ್ತು.

ಮೊದಲನೇದು "ಶಿ ಲುಕ್ಸ್ ಬ್ಯೂಟಿಫುಲ್ಲಿ". ಪಕ್ಕದಲ್ಲಿ "ಅವಳು ಸುಂದರವಾಗಿ ಕಾಣ್ತಾಳೆ". ಸುಂದರವಾದ ಅಂದ್ರೆ ಬ್ಯೂಟಿಫುಲ್, ಸುಂದರವಾಗಿ ಅಂದ್ರೆ ಬ್ಯೂಟಿಫುಲ್ಲಿ ಅಂತ ಲೆಕ್ಕ ಇಟ್ಕೊಂಡಿದ್ದೆ, "ಸುಂದರವಾಗಿ ಹಾಡಿದಳು" ಅನ್ನೋ ಕಡೆ ಆ ಲೆಕ್ಕ ಸರೀನೇ. ಆದ್ರೆ ಲುಕ್, ಸ್ಮೆಲ್, ಫೀಲ್, ಸೌಂಡ್ ಇವು ಬಂದಾಗ ನಾವು ಹೇಳ್ತಿರೋದು ಕೆಲಸ ಹೇಗೆ ನಡೀತು ಅಂತಲ್ಲ, ಅವಳು ಹೇಗಿದ್ದಾಳೆ ಅಂತ, ಅದಕ್ಕೆ ಕನ್ನಡದಲ್ಲಿ ಆಗಿ ಇದ್ರೂ ಇಂಗ್ಲಿಷಲ್ಲಿ ಅಡ್ಜೆಕ್ಟಿವ್ವೇ ಬರ್ಬೇಕು. ಡೌಟ್ ಬಂದ್ರೆ ಆ ಕ್ರಿಯಾಪದ ತೆಗೆದು "ಈಸ್" ಹಾಕಿ ನೋಡ್ತೀನಿ, ಶಿ ಈಸ್ ಬ್ಯೂಟಿಫುಲ್, ಅರ್ಥ ಕೆಡಲಿಲ್ಲ ಅಂದ್ರೆ ಅಡ್ಜೆಕ್ಟಿವ್.

ಇದರಲ್ಲಿ ನಂಗೆ ತುಂಬಾ ಇಷ್ಟ ಆಗಿದ್ದು "ಹಿ ಲುಕ್ಡ್ ಆಂಗ್ರಿ" ಮತ್ತೆ "ಹಿ ಲುಕ್ಡ್ ಅಟ್ ಮಿ ಆಂಗ್ರಿಲಿ" ಜೋಡಿ. ಒಂದರಲ್ಲಿ ಸಿಟ್ಟಾಗಿರೋ ಹಾಗೆ ಕಂಡ, ಇನ್ನೊಂದರಲ್ಲಿ ನನ್ನನ್ನ ಸಿಟ್ಟಿಂದ ನೋಡಿದ. ಕಾಣೋದು, ನೋಡೋದು ಅಂತ ಕನ್ನಡದಲ್ಲಿ ಎರಡು ಪದ ಇದೆ, ಇಂಗ್ಲಿಷಲ್ಲಿ ಎರಡಕ್ಕೂ ಲುಕ್. ಕಂಡ ಅಂದ್ರೆ ಅಡ್ಜೆಕ್ಟಿವ್, ನೋಡಿದ ಅಂದ್ರೆ ಅಡ್ವರ್ಬ್, ಅಂದ್ರೆ ಕೆಲಸ ಹೇಗೆ ನಡೀತು ಅಂತ ಹೇಳೋ ಪದ! ಇಲ್ಲಿ ಕನ್ನಡ ಗೊತ್ತಿರೋದೇ ಅನುಕೂಲ.

ಆಮೇಲೆ "ಐ ಆಮ್ ಬೋರಿಂಗ್". ಬೋರಾಗ್ತಿದೆ ಅನ್ನೋ "ತಿದೆ" ಕಿವೀಲಿ ಇರೋದ್ರಿಂದ ಇಂಗ್ ತಾನಾಗೇ ಬಂದ್ಬಿಡ್ತಿತ್ತು, ಅದರ ಅರ್ಥ ನಾನೇ ಬೇರೆಯವರಿಗೆ ಬೋರ್ ಹೊಡಿಸ್ತೀನಿ ಅಂತ ಆಗತ್ತೆ. ಈಗ ಹೊಡಿಸೋದು ಬೋರಿಂಗ್, ಹೊಡಿಸ್ಕೊಂಡೋರು ಬೋರ್ಡ್, ಸುಸ್ತು ಮಾಡೋದು ಟೈರಿಂಗ್, ಸುಸ್ತಾದೋರು ಟೈರ್ಡ್ ಅಂತ ಬಾಯಲ್ಲಿ ಒಂದ್ಸಲ ಹೇಳ್ಕೊಂಡು ಬರೀತೀನಿ.

"ಮೋರ್ ಬೆಟರ್" ಬಿಡೋಕೆ ಜಾಸ್ತಿ ದಿನ ಹಿಡೀಲಿಲ್ಲ, ಬೆಟರ್ ಒಳಗೇ "ಇನ್ನೂ" ಸೇರ್ಕೊಂಡಿದೆ. ಬಣ್ಣ, ಸೈಜು, ವಯಸ್ಸು ಯಾವ ಕ್ರಮದಲ್ಲಿ ಬರ್ಬೇಕು ಅನ್ನೋ ಉದ್ದ ಪಟ್ಟಿ ನಾನು ಬಾಯಿಪಾಠ ಮಾಡ್ಲಿಲ್ಲ, ನಮ್ಮ ಅನಿಸಿಕೆ ಮೊದ್ಲು, ಯಾವುದರಿಂದ ಮಾಡಿದ್ದು ಅನ್ನೋದು ನಾಮಪದದ ಹತ್ರ, "ಎ ಬ್ಯೂಟಿಫುಲ್ ಓಲ್ಡ್ ವುಡನ್ ಟೇಬಲ್" ಥರ, ಇಷ್ಟರಲ್ಲೇ ಮುಕ್ಕಾಲು ಕೆಲಸ ಆಗತ್ತೆ.

ಈಗ್ಲೂ ನಿಂತು ಯೋಚನೆ ಮಾಡೋದು ಅಸ್ಲೀಪ್, ಅಲೋನ್, ಅಫ್ರೇಡ್ ಥರದವಕ್ಕೆ, ಇವು ನಾಮಪದಕ್ಕಿಂತ ಮುಂಚೆ ಬರಲ್ಲ, ಅದಾದ್ಮೇಲೇ ಬರ್ಬೇಕು. "ದಿ ಚೈಲ್ಡ್ ಈಸ್ ಅಸ್ಲೀಪ್" ಸರಿ, ಮಲಗಿರೋ ಮಗು ಅನ್ನೋಕೆ ಮಾತ್ರ "ಎ ಸ್ಲೀಪಿಂಗ್ ಚೈಲ್ಡ್".